ಒಂದು ಮೀಟಿನ ಆಯಸ್ಸು

ತೋಡಿಯ ಗಾಂಧಾರ ಹೇಳಿಕೊಡುವ ಮೊದಲು ಅತ್ತೆ ನನ್ನಿಂದ ಮೂರು ದಿನ ಬರೀ ತಂತಿ ಮೀಟಿಸಿದರು. ಎಡಗೈಗೆ ಕೆಲಸವೇ ಇಲ್ಲ. ವೀಣೆಯ ಸಾರಣಿ ತಂತಿಯನ್ನು ಒಂದು ಸಲ ಮೀಟುವುದು, ನಾದ ಅಡಗುವವರೆಗೂ ತೊಡೆಯ ಮೇಲೆ ತಾಳ ಹಾಕಿ ಅಕ್ಷರ ಎಣಿಸುವುದು. ಲಕ್ಷ್ಮೀಪುರದ ಆ ಮನೆಯ ನಡುಮನೆಯಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದೊಂದು ಬಿಟ್ಟರೆ ಬೇರೆ ಸದ್ದಿರುತ್ತಿರಲಿಲ್ಲ.

"ಎಷ್ಟಾಯ್ತು?"

"ಒಂಬತ್ತು, ಅತ್ತೆ."

"ಸುಳ್ಳು. ಕೊನೇ ಎರಡು ನೀನು ಕೇಳಿಸ್ಕೊಂಡಿದ್ದಲ್ಲ, ಊಹೆ ಮಾಡ್ಕೊಂಡಿದ್ದು. ಏಳು ಅನ್ನು."

ನನಗಾಗ ಹತ್ತು ವರ್ಷ. ಅತ್ತೆಯ ಲೆಕ್ಕ ಏನೆಂದು ಮೂರನೆಯ ದಿನ ಗೊತ್ತಾಯಿತು. ಆ ಏಳು ಅಕ್ಷರದೊಳಗೆ ಗಮಕ ಹುಟ್ಟಬೇಕು, ತೂಗಬೇಕು, ಮನೆ ಸೇರಬೇಕು. "ತಂತಿ ಸತ್ತಮೇಲೆ ಬೆರಳು ಅಲ್ಲಾಡಿಸಿದ್ರೆ ಹೆಣಕ್ಕೆ ಸಿಂಗಾರ ಮಾಡ್ದಂಗೆ ಕಣೇ," ಎಂದು ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿಯುಂಡೆಯನ್ನು ನನ್ನ ಕಡೆ ತಳ್ಳಿದರು. ಎಡಗೈಯ ತೋರುಬೆರಳು, ನಡುಬೆರಳಿನ ತುದಿಗೆ ಎಣ್ಣೆ ಸವರಿಕೊಂಡೆ. ವೀಣೆಯವರ ಆ ಎರಡು ಬೆರಳ ತುದಿಯಲ್ಲಿ ತಂತಿಯಷ್ಟೇ ಸಣ್ಣ, ಕಪ್ಪನೆಯ ಗೀರೊಂದು ಇರುತ್ತದೆ. ನನ್ನ ಗೀರು ಬೀಳತೊಡಗಿದ್ದು ಆ ವಾರ.

ಗಮಕ ಎಂದ ಕೂಡಲೇ ಕುಮಾರವ್ಯಾಸನನ್ನು ಓದುವ ಗಮಕಿಗಳನ್ನು ನೆನೆಯುವವರು ನಮ್ಮಲ್ಲಿ ಬಹಳ. ಅದೂ ಸರಿಯೇ. ಇಲ್ಲಿ ಹೇಳುತ್ತಿರುವುದು ಸ್ವರದ ಗಮಕ. ಸ್ವರ ತನ್ನ ಜಾಗ ಬಿಟ್ಟು ಅಕ್ಕಪಕ್ಕದವರನ್ನು ಮಾತಾಡಿಸಿ ಬರುವ ಬಗೆ. ಯಾವ ಸ್ವರದಿಂದ ಹೊರಟು ಯಾವುದನ್ನು ಮುಟ್ಟಬೇಕು ಎನ್ನುವುದನ್ನು ಪುಸ್ತಕ ನೋಡಿಯೂ ಕಲಿಯಬಹುದು. ಯಾವಾಗ ಹೊರಡಬೇಕು, ಎಷ್ಟು ಹೊತ್ತು ಅಲ್ಲಿರಬೇಕು, ಯಾವಾಗ ತಿರುಗಿ ಬರಬೇಕು ಎನ್ನುವುದು ಬೇರೆಯೇ ವಿದ್ಯೆ. ಈ ಹೊತ್ತಿನ ಲೆಕ್ಕಕ್ಕೂ ಒಂದು ಚರಿತ್ರೆ ಇದೆ ಎಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ, ಶಿಷ್ಯೆಯೊಬ್ಬಳು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದಾಗ. ಅವಳು ಕೇಳಿದ್ದು ಇಷ್ಟೇ: "ಮಿಸ್, ಕಂಪಿತ ಅಂದ್ರೆ ಒಂದು ಅಕ್ಷರಕ್ಕೆ ಎಷ್ಟು ಸಲ ಅಲ್ಲಾಡಿಸ್ಬೇಕು?"

ನಗಬೇಕೆನ್ನಿಸಿತು. ಅತ್ತೆಯಾಗಿದ್ದರೆ ತಲೆಗೆ ಮೊಟಕುತ್ತಿದ್ದರು. ಆದರೆ ಶಾರ್ಙ್ಗದೇವ ನಗುತ್ತಿರಲಿಲ್ಲ. ಅವನ ಹತ್ತಿರ ಉತ್ತರವಿತ್ತು.

13ನೇ ಶತಮಾನದಲ್ಲಿ, ದೇವಗಿರಿಯ ಯಾದವ ದೊರೆ ಸಿಂಘಣನ ಆಸ್ಥಾನದಲ್ಲಿ ಕೂತು 'ಸಂಗೀತರತ್ನಾಕರ' ಬರೆದವನು ಶಾರ್ಙ್ಗದೇವ. ಮನೆತನ ಕಾಶ್ಮೀರದಿಂದ ದಕ್ಷಿಣಕ್ಕೆ ಬಂದದ್ದು. ಇವನ ಉದ್ಯೋಗ ಶ್ರೀಕರಣಾಧಿಪತಿ, ಅಂದರೆ ರಾಜ್ಯದ ಲೆಕ್ಕಪತ್ರ ನೋಡಿಕೊಳ್ಳುವ ಅಧಿಕಾರಿ. ಸೇವುಣರೆಂದೂ ಕರೆಯುವ ಈ ಯಾದವರ ರಾಜ್ಯ ದಕ್ಷಿಣಕ್ಕೆ ಚಾಚಿ ನಮ್ಮ ನಾಡಿನ ದೊಡ್ಡ ಭಾಗವನ್ನು ಒಳಗೊಂಡಿತ್ತು. ಅವರ ಕನ್ನಡ ಶಾಸನಗಳು ಇಂದಿಗೂ ನಮ್ಮ ಊರುಗಳಲ್ಲಿ ನಿಂತಿವೆ. ಲೆಕ್ಕದವನು ಗಮಕ ವಿವರಿಸಿದರೆ ಹೇಗಿರುತ್ತದೆ ಎನ್ನುವುದಕ್ಕೆ ಆ ಪುಸ್ತಕದ ಮೂರನೆಯ ಅಧ್ಯಾಯವನ್ನು ನೋಡಬೇಕು.

ಅವನು ಹೇಳುವ ಗಮಕಗಳು 15. ಅವುಗಳಲ್ಲಿ 6ನ್ನು ಅವನು ಬೇರ್ಪಡಿಸುವುದು ಬರೀ ಹೊತ್ತಿನ ಅಳತೆಯಿಂದ. ತಾಳದ ಲಘು ಒಂದು ಅಳತೆ. ಅದರ ಅರ್ಧ ದ್ರುತ. ದ್ರುತದ ನಾಲ್ಕನೇ ಒಂದು ಪಾಲಿನ ವೇಗದಲ್ಲಿ ಸ್ವರ ನಡುಗಿದರೆ ತಿರಿಪ. ಪುಟ್ಟ ಡಮರುವಿನ ಸದ್ದಿನ ಹಾಗೆ ಎನ್ನುತ್ತಾನೆ. ಮೂರನೇ ಒಂದು ಪಾಲಾದರೆ ಸ್ಫುರಿತ. ಅರ್ಧವಾದರೆ ಕಂಪಿತ. ಇಡೀ ದ್ರುತವಾದರೆ ಲೀನ. ಲಘುವಿನಷ್ಟಾದರೆ ಆಂದೋಲಿತ. ಮೂರು ಲಘು ಸೇರಿದ ಪ್ಲುತದಷ್ಟಾದರೆ ಪ್ಲಾವಿತ. ಶಿಷ್ಯೆಯ ಪ್ರಶ್ನೆಗೆ ಇಲ್ಲಿ ನೇರ ಜವಾಬು: ಕಂಪಿತವೆಂದರೆ ಲಘುವಿಗೆ ನಾಲ್ಕು.

ನಾನೂ ಕಾಗದದ ಮೇಲೆ ಗುಣಿಸಿ ನೋಡಿದೆ. ತಿರಿಪದ ಒಂದು ಅಲುಗಿಗೂ ಪ್ಲಾವಿತದ ಒಂದು ಅಲುಗಿಗೂ ನಡುವೆ 24 ಪಟ್ಟು ಅಂತರ. ವೀಣೆಗೆ ಇರುವ ಮೆಟ್ಟಿಲುಗಳೂ 24. ಎರಡಕ್ಕೂ ಸಂಬಂಧವೇನೂ ಇಲ್ಲ, ಆದರೂ ಅವತ್ತು ರಾತ್ರಿ ಅದೊಂದು ಸಂಖ್ಯೆ ತಲೆಯಲ್ಲಿ ಸುತ್ತುತ್ತಲೇ ಇತ್ತು.

ಉಳಿದ ಗಮಕಗಳಲ್ಲಿ ಹೊತ್ತಿನ ಲೆಕ್ಕವಿಲ್ಲ, ಆಕಾರವಿದೆ. ಬಳುಕಿಕೊಂಡು ಹೋದರೆ ವಲಿ, ಅದೇ ಗಂಟುಗಂಟಾದರೆ ಕುರುಲ, ಮುಂದಿನ ಸ್ವರಕ್ಕೆ ಬಡಿದು ಹಿಂದಿರುಗಿದರೆ ಆಹತ, ಬಾಯಿ ಮುಚ್ಚಿ ಹಾಡಿದರೆ ಮುದ್ರಿತ. ಒಬ್ಬನೇ ಲೇಖಕ, ಒಂದೇ ಪಟ್ಟಿ. ಅರ್ಧಕ್ಕೆ ಗಡಿಯಾರ ಹಿಡಿದಿದ್ದಾನೆ, ಇನ್ನರ್ಧಕ್ಕೆ ರಂಗೋಲಿ ಬಿಡಿಸಿದ್ದಾನೆ. ಅವನಿಗೂ ಎಲ್ಲವನ್ನೂ ಅಳೆಯಲಾಗಲಿಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. 15ನೇ ಶತಮಾನದಲ್ಲಿ ವಿಜಯನಗರದ ಕಲ್ಲಿನಾಥ ಈ ಗ್ರಂಥಕ್ಕೆ 'ಕಲಾನಿಧಿ' ಎಂಬ ವ್ಯಾಖ್ಯಾನ ಬರೆದ. ನಮ್ಮ ಕಾಲದಲ್ಲಿ ಮೈಸೂರಿನ ರಾ. ಸತ್ಯನಾರಾಯಣರು 'ನಿಃಶಂಕಹೃದಯ' ಎಂಬ ಕನ್ನಡ ವ್ಯಾಖ್ಯಾನ ಬರೆದರು. ಶಾರ್ಙ್ಗದೇವ ತನ್ನನ್ನು ನಿಃಶಂಕ ಎಂದು ಕರೆದುಕೊಂಡವನು. ಗಮಕದ ಅಳತೆ ಹೇಳುವವನಿಗೆ ಅಷ್ಟು ಧೈರ್ಯ ಬೇಕೇನೋ.

ಈ ಗಡಿಯಾರ ಆಮೇಲೆ ಎಲ್ಲಿ ಹೋಯಿತು?

ಒಂದು ಕಾರಣ ವೀಣೆಯ ಮೈಯಲ್ಲೇ ಇದೆ ಎಂದು ನನ್ನ ಎಣಿಕೆ. 1550ರಲ್ಲಿ ವಿಜಯನಗರದ ರಾಮಾಮಾತ್ಯ 'ಸ್ವರಮೇಳಕಲಾನಿಧಿ' ಬರೆಯುವಾಗ ವೀಣೆಯಲ್ಲಿ ಎರಡು ಬಗೆ ಹೇಳುತ್ತಾನೆ: ಒಂದು ರಾಗಕ್ಕೆ ಬೇಕಾದಷ್ಟೇ ಮೆಟ್ಟಿಲು ಕೂರಿಸಿದ್ದು, ಎಲ್ಲ ರಾಗಕ್ಕೂ ಆಗುವಂತೆ ಕೂರಿಸಿದ್ದು. ಮುಂದಿನ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಕಾಲಕ್ಕೆ, ಅವನ ಮಂತ್ರಿ ಗೋವಿಂದ ದೀಕ್ಷಿತರ ಕಣ್ಣಳತೆಯಲ್ಲಿ, ಎಲ್ಲ ಸ್ಥಾಯಿಗೂ ಸ್ಥಿರವಾಗಿ 24 ಮೆಟ್ಟಿಲು ನಿಂತವು. ದೀಕ್ಷಿತರು ಕನ್ನಡ ಮನೆಮಾತಿನವರೆಂದು ಪ್ರತೀತಿ. ಇಂದು ನಾವು ನುಡಿಸುವ ವೀಣೆ ಆ ವ್ಯವಸ್ಥೆಯದೇ. ಮೆಟ್ಟಿಲು ಸ್ಥಿರವಾದ ಮೇಲೆ, ಎರಡು ಮೆಟ್ಟಿಲ ನಡುವಿನ ಸ್ವರ ಬೇಕಾದರೆ ತಂತಿಯನ್ನು ಅಡ್ಡಕ್ಕೆ ಎಳೆಯಲೇಬೇಕು. ಎಳೆತಕ್ಕೆ ಬಲ ಬೇಕು, ಬಲಕ್ಕೆ ಹೊತ್ತು ಬೇಕು.

ಮೆಟ್ಟಿಲು ಕಟ್ಟುವುದನ್ನು ನಾನು ಹತ್ತಿರದಿಂದ ನೋಡಿದ್ದು ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ. ವೀಣೆ ಮಾಡುವುದೇ ಆ ಪುಟ್ಟ ಊರಿನ ಹೆಸರು. ಹಲಸಿನ ಮರದ ಹೊಟ್ಟೆ ಕೊರೆದು ಬಿಸಿಲಿಗೆ ಬೋರಲು ಹಾಕಿದ್ದರು. ಜಗಲಿಯ ಮೇಲೆ ಒಬ್ಬರು ಜೇನುಮೇಣಕ್ಕೆ ಇದ್ದಿಲ ಪುಡಿ ಕಲಸಿ, ಕರಗಿಸಿ, ದಂಡಿಯ ಎರಡು ಅಂಚಿಗೂ ಕಪ್ಪು ದಿಣ್ಣೆ ಕಟ್ಟುತ್ತಿದ್ದರು. ಅದರ ಮೇಲೆ ಕಂಚಿನ ಮೆಟ್ಟಿಲುಗಳನ್ನು ಒಂದೊಂದಾಗಿ ಒತ್ತಿ, ಕಿವಿಯಲ್ಲಿ ಕೇಳಿ, ಕೂದಲೆಳೆಯಷ್ಟು ಆಚೀಚೆ ಸರಿಸಿ ಕೂರಿಸುವುದು. ಎಷ್ಟು ಎತ್ತರ ಬಿಡಬೇಕು ಎಂದು ಕೇಳಿದೆ. "ಎಳೆಯೋರಿಗೆ ಒಂದು ಎತ್ತರ, ಮೀಟೋರಿಗೆ ಒಂದು ಎತ್ತರ. ನೀವು ಯಾವ ಪೈಕಿ ಮೇಡಂ?" ಎಂದರು. ಬಾಣಿಗಳ ಕುರಿತ ಎಷ್ಟೋ ಉಪನ್ಯಾಸಗಳಲ್ಲಿ ಕೇಳದ ಮಾತು ಅದು.

1609ರ ಸೋಮನಾಥನ 'ರಾಗವಿಬೋಧ'ವನ್ನು ಒಂದೇ ಮಾತಲ್ಲಿ ದಾಟುತ್ತೇನೆ. ವೀಣೆಯಲ್ಲಿ ನುಡಿಸುವ ಬಗೆಗಳಿಗೆಲ್ಲ ಒಂದೊಂದು ಗುರುತು ಮಾಡಿ, ಸ್ವರಾಕ್ಷರಕ್ಕೆ ಅಂಟಿಸಿ ರಾಗಗಳನ್ನು ಬರೆದಿಟ್ಟ ಜಾಣ. ಅವನ ಗುರುತುಗಳು ಬೆರಳು ಏನು ಮಾಡಬೇಕೆಂದು ಹೇಳುತ್ತವೆ. ಗಡಿಯಾರ ಅಲ್ಲಿಗಾಗಲೇ ಹಿಂದೆ ಸರಿದಿದೆ.

ದೊಡ್ಡ ಪುಸ್ತಕ ಬಂದದ್ದು 1904ರಲ್ಲಿ, ಎಟ್ಟಯಪುರದಿಂದ. ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲಸ್ವಾಮಿ ದೀಕ್ಷಿತರ ಮಗಳ ಮಗ ಇವರು. ತಾತನೇ ದತ್ತು ತೆಗೆದುಕೊಂಡು ಸಾಕಿದರು. ಆ ತಾತ ಪಿಟೀಲನ್ನು ನಮ್ಮ ಸಂಗೀತಕ್ಕೆ ತಂದವರಲ್ಲಿ ಮೊದಲಿಗರು. ಹೀಗೆ ಮನೆಯೊಳಗೇ ಇದ್ದ ಪಾಠವನ್ನು ಅಚ್ಚಿಗೆ ಕೊಡಿ ಎಂದು ಬೆನ್ನು ಹತ್ತಿದವರು ಮದರಾಸಿನ ಚಿನ್ನಸ್ವಾಮಿ ಮುದಲಿಯಾರ್ ಎಂಬ ಕ್ರೈಸ್ತರು. ಅವರು ಅಷ್ಟರಲ್ಲಾಗಲೇ ನಮ್ಮ ಕೃತಿಗಳನ್ನು ಯುರೋಪಿನ ಐದು ಗೆರೆಗಳ ಮೇಲೆ ಬರೆದು ಅಚ್ಚು ಹಾಕಿಸುವ ಸಾಹಸಕ್ಕೆ ಇಳಿದಿದ್ದರು. ಎಟ್ಟಯಪುರದ ರಾಜರ ಮಾತೂ ಸೇರಿದ ಮೇಲೆ ದೀಕ್ಷಿತರು ಬರೆಯಲು ಕೂತರು. ಪುಸ್ತಕ ಹೊರಬಂದು ಎರಡು ವರ್ಷಕ್ಕೆ, 1906ರಲ್ಲಿ, ತೀರಿಕೊಂಡರು.

ಪುಸ್ತಕ ತೆಲುಗಿನಲ್ಲಿದೆ. ಕನ್ನಡದವರಾದ ನಮಗೆ ತೆಲುಗು ಲಿಪಿ ಪಕ್ಕದ ಮನೆಯವರ ಮುಖದ ಹಾಗೆ. ಗುರುತು ಸಿಗುತ್ತದೆ, ಹೆಸರು ತಟ್ಟನೆ ಬಾಯಿಗೆ ಬರುವುದಿಲ್ಲ. ತಲಕಟ್ಟಿನಲ್ಲಿ ಎಡವುತ್ತ ನಾನು ಒಂದೊಂದು ಸಾಲನ್ನೂ ವೀಣೆಯ ಮೇಲೆ ಇಟ್ಟು ನೋಡಿದೆ. ಸ್ವರಗಳ ಮೇಲೆ ಗುರುತುಗಳು. ಅಲೆಯಂಥ ಗೆರೆ ಇದ್ದರೆ ಕಂಪಿತ. ಓರೆ ಗೆರೆ ಜಾರು, ಏರುವುದಕ್ಕೊಂದು, ಇಳಿಯುವುದಕ್ಕೊಂದು. ಮೂರು ಚುಕ್ಕೆ ಸ್ಫುರಿತ. ಉಳಿದವಕ್ಕೆ ಅವರಿಟ್ಟ ಹೆಸರುಗಳಲ್ಲಿ ಸಂಸ್ಕೃತಕ್ಕಿಂತ ತಮಿಳು ಹೆಚ್ಚು: ನೊಕ್ಕು, ರವೈ, ಖಂಡಿಪ್ಪು, ಒದುಕ್ಕಲ್, ಒರಿಕೈ. ಇದು ನನಗೆ ಬಹಳ ಹಿಡಿಸಿತು. ಶಾಸ್ತ್ರಗ್ರಂಥದ ಹೆಸರುಗಳನ್ನು ಬದಿಗಿಟ್ಟು, ಮನೆಯಲ್ಲಿ ಪಾಠ ಹೇಳುವಾಗ ಬಾಯಲ್ಲಿದ್ದ ಮಾತನ್ನೇ ಅಚ್ಚಿಗೆ ಕಳಿಸಿದ್ದಾರೆ. ಕೆಳಗಿನ ಮೆಟ್ಟಿಲಲ್ಲೇ ಬೆರಳಿಟ್ಟು ತಂತಿ ಎಳೆದು ಮೇಲಿನ ಸ್ವರ ತೆಗೆಯುವುದು ಒದುಕ್ಕಲ್. ಸ್ವರ ಮುಗಿಯುವ ಕೊನೆಯ ಗಳಿಗೆಯಲ್ಲಿ ಮೇಲಿನದನ್ನು ಒಂದಿಷ್ಟು ತಾಕಿ ಕೆಳಗಿಳಿಯುವುದು ಒರಿಕೈ. ನಮ್ಮತ್ತೆ ಇದೇ ಒರಿಕೈಯನ್ನು "ಹೋಗೋ ಮುಂಚೆ ಒಂದ್ಸಲ ಹಿಂದೆ ತಿರುಗಿ ನೋಡು" ಎಂದು ಹೇಳಿಕೊಟ್ಟಿದ್ದರು. ಅವರು ಆ ಪುಸ್ತಕವನ್ನು ಕಣ್ಣಲ್ಲೂ ಕಂಡವರಲ್ಲ.

ಈ ಪುಸ್ತಕದಲ್ಲಿ ಎಷ್ಟು ಅಕ್ಷರಕ್ಕೆ ಎಷ್ಟು ಅಲುಗು ಎನ್ನುವುದು ಮಾತ್ರ ಸಿಗುವುದಿಲ್ಲ. ಅಲೆಗೆರೆ ಎಳೆದಿದ್ದಾರೆ, ಅಲೆ ಎಣಿಸಿಲ್ಲ. ಮೊದಮೊದಲು ಕೊರತೆ ಎನ್ನಿಸಿತು. ಅಷ್ಟು ಬರೆದವರು ಇಷ್ಟು ಬರೆಯಬಾರದಿತ್ತೆ? ಒಂದು ಮಳೆಗಾಲ ಪೂರ್ತಿ ಆ ಸಾಲುಗಳ ಜೊತೆ ಕಳೆದ ಮೇಲೆ ಅವರು ಯಾಕೆ ಬಿಟ್ಟರೆಂದು ಹೊಳೆಯಿತು. ಶಾರ್ಙ್ಗದೇವನ ಕಾಲಕ್ಕೆ ಹೊತ್ತು ಗಮಕದ್ದಾಗಿತ್ತು. ದೀಕ್ಷಿತರ ಕಾಲಕ್ಕೆ ಅದು ರಾಗದ್ದಾಗಿತ್ತು. ಕಂಪಿತವೆಂಬ ಒಂದೇ ಹೆಸರು, ತೋಡಿಯ ಗಾಂಧಾರದಲ್ಲಿ ಅದರ ನಡೆ ಒಂದು, ಶಂಕರಾಭರಣದ ಮಧ್ಯಮದಲ್ಲಿ ಇನ್ನೊಂದು. ರಾಗ ಗೊತ್ತಿದ್ದವನಿಗೆ ಎಣಿಕೆ ಬೇಡ. ಗೊತ್ತಿಲ್ಲದವನಿಗೆ ಎಣಿಕೆ ಕೊಟ್ಟರೂ ರಾಗ ಬಾರದು.

ಇದನ್ನು ಮಾತಲ್ಲಿ ಹೇಳಿದರೆ ಹೊಗೆಯ ಹಾಗಿರುತ್ತದೆ. ತೋಡಿ ವರ್ಣವೊಂದನ್ನು ತೆಗೆದುಕೊಳ್ಳೋಣ. 'ಏರಾ ನಾಪೈ', ಪಟ್ಣಂ ಸುಬ್ರಹ್ಮಣ್ಯ ಅಯ್ಯರದು, ಆದಿತಾಳ. ನಮ್ಮ ಮೈಸೂರು ವಾಸುದೇವಾಚಾರ್ಯರು ಅರಮನೆಯ ನೆರವಿನಿಂದ ತಿರುವಯ್ಯಾರಿಗೆ ಹೋಗಿ ಕಲಿತದ್ದು ಇವರ ಬಳಿಯೇ. ತೋಡಿಯ ಗಾಂಧಾರ ತನ್ನ ಮೆಟ್ಟಿಲಲ್ಲಿ ನೆಟ್ಟಗೆ ನಿಲ್ಲುವ ಸ್ವರವಲ್ಲ. ರಿಷಭದ ಬದಿಗೂ ಮಧ್ಯಮದ ಬದಿಗೂ ತೂಗುತ್ತದೆ. ಆ ತೂಗಾಟದ ನಡುವೆ ಎಲ್ಲೋ ಕಿವಿ ಅದನ್ನು ಗಾಂಧಾರ ಎಂದು ಒಪ್ಪಿಕೊಳ್ಳುತ್ತದೆ. ಮೊದಲನೇ ಕಾಲದಲ್ಲಿ ದೀರ್ಘ ಗಾಂಧಾರ ಬಂದಾಗ ಎರಡು ಸಲ ನೆಮ್ಮದಿಯಾಗಿ ತೂಗಲು ಜಾಗವಿರುತ್ತದೆ. ಎರಡನೇ ಕಾಲಕ್ಕೆ ಹೋದಾಗ ಜಾಗ ಅರ್ಧವಾಯಿತು. ಕಲಿಯುವವರೆಲ್ಲ ಇಲ್ಲಿ ಮಾಡುವ ತಪ್ಪು ಒಂದೇ: ಅದೇ ಎರಡನ್ನು ಎರಡರಷ್ಟು ವೇಗದಲ್ಲಿ ತುರುಕುತ್ತಾರೆ. ಗಾಂಧಾರಕ್ಕೆ ಚಳಿಜ್ವರ ಬಂದ ಹಾಗೆ ಕೇಳಿಸುತ್ತದೆ.

ನಾನೂ ಮಾಡಿದೆ. ಅತ್ತೆ ಮಾತಾಡದೆ ಎದ್ದು ಹೋಗಿ ಪಡಸಾಲೆಯ ತೂಗುಮಣೆಯ ಮೇಲೆ ಕೂತರು.

"ಬಾ ಇಲ್ಲಿ. ತೂಗು."

ತೂಗಿದೆ.

"ಇನ್ನೂ ಜೋರಾಗಿ."

ಜೋರಾಗಿ ತಳ್ಳಿದೆ. ಮಣೆ ಎತ್ತರಕ್ಕೆ ಹೋಯಿತು, ಆದರೆ ಹೋಗಿ ಬರುವ ಹೊತ್ತು ಮಾತ್ರ ಅಷ್ಟೇ ಇತ್ತು. "ನೋಡ್ದೆಯಾ? ಸರಪಳಿ ಎಷ್ಟುದ್ದ ಇದೆಯೋ ಅಷ್ಟು ಹೊತ್ತು ತಗೊಳತ್ತೆ. ನಿಂಗೆ ಅವಸರ ಅಂತ ಅದು ಬೇಗ ಬರಲ್ಲ. ಹೊತ್ತಿಲ್ಲ ಅಂದ್ರೆ ಒಂದೇ ಸಲ ತೂಗು. ಅದಕ್ಕೂ ಇಲ್ಲ ಅಂದ್ರೆ ಬರೀ ಮುಟ್ಟು." ಎರಡನೇ ಕಾಲದಲ್ಲಿ ಒಂದು ತೂಗು, ಮೂರನೇ ಕಾಲದಲ್ಲಿ ಮಧ್ಯಮದ ಒಂದು ಸೋಕು. ಕಾಲ ಏರಿದಂತೆ ಅಲುಗಿನ ಎಣಿಕೆ ಇಳಿಯಬೇಕು. ಅಲುಗಿನ ನಡೆ ಹೆಚ್ಚುಕಡಿಮೆ ಅದೇ ಇರಬೇಕು. ಆಂದೋಲವೆಂದರೆ ಸಂಸ್ಕೃತದಲ್ಲಿ ಉಯ್ಯಾಲೆ ಎನ್ನುವುದು ಅತ್ತೆಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಸ್ಫುರಿತದ್ದು ಇನ್ನೂ ಸೂಕ್ಷ್ಮ. ಜಂಟಿವರಸೆ ಕಲಿತ ಮಕ್ಕಳಿಗೆಲ್ಲ ಗೊತ್ತಿರುವ ಗಮಕ ಇದು. ಸಸ ರಿರಿ ಗಗ ಎಂದು ನುಡಿಸುವಾಗ ಜೋಡಿಯ ಮೊದಲನೆಯದು ಸಪ್ಪೆ, ಎರಡನೆಯದಕ್ಕೆ ಕೆಳಗಿನ ಸ್ವರದ ಒಂದು ಕುಟುಕು. ಆ ಕುಟುಕು ಎರಡನೆಯ ಸ್ವರದ ಹೊತ್ತಿನಿಂದ ಖರ್ಚಾಗಬೇಕು. ಮೊದಲನೆಯದರ ಬಾಲ ಕತ್ತರಿಸಿ ಅಲ್ಲಿ ತೂರಿಸಿದರೆ ಜೋಡಿ ಕುಂಟುತ್ತದೆ. ಮೈಸೂರಿನ ಕೈ ಇಲ್ಲಿ ಬಹಳ ಖಡಕ್ಕು.

ಹೊತ್ತು ಯಾರ ಖಾತೆಯಿಂದ ಎನ್ನುವ ಈ ಜಗಳ ನಮ್ಮದು ಮಾತ್ರವೂ ಅಲ್ಲ. 1752ರಲ್ಲಿ ಕ್ವಾಂಟ್ಸ್, 1753ರಲ್ಲಿ ಕಾರ್ಲ್ ಫಿಲಿಪ್ ಎಮಾನುಯೆಲ್ ಬಾಖ್, ಇಬ್ಬರೂ ಪ್ರಷ್ಯದ ದೊರೆ ಫ್ರೆಡರಿಕನ ಆಸ್ಥಾನದ ಸಂಗೀತಗಾರರು, ತಮ್ಮ ಪಾಠಪುಸ್ತಕಗಳಲ್ಲಿ ಪುಟಗಟ್ಟಲೆ ಬರೆದದ್ದು ಇದನ್ನೇ. ದೊಡ್ಡ ಸ್ವರದ ಎಡಕ್ಕೆ ಚಿಕ್ಕ ಅಕ್ಷರದಲ್ಲಿ ಅಚ್ಚಾದ ಪುಟ್ಟ ಸ್ವರ ದೊಡ್ಡದರ ಹೊತ್ತಿನಲ್ಲೇ, ತಾಳದ ಪೆಟ್ಟಿನ ಮೇಲೆಯೇ ಬೀಳಬೇಕು. ಸಾಮಾನ್ಯವಾಗಿ ಅರ್ಧ ಪಾಲು, ಚುಕ್ಕೆ ಇಟ್ಟ ಸ್ವರವಾದರೆ ಮೂರರಲ್ಲಿ ಎರಡು ಪಾಲು ಕಸಿದುಕೊಳ್ಳಬೇಕು. ಶ್ರೀಕರಣಾಧಿಪತಿಗೆ ಬಹಳ ಮೆಚ್ಚುಗೆಯಾಗುತ್ತಿತ್ತು. ಮೈಸೂರು ಅರಮನೆಯಲ್ಲಿ ಈ ಎರಡೂ ಲೆಕ್ಕ ಒಂದೇ ಸೂರಿನಡಿ ಇದ್ದವು. ಜಯಚಾಮರಾಜ ಒಡೆಯರು ಪಿಯಾನೋ ಅಭ್ಯಾಸ ಮಾಡಿದವರು. 1940ರ ದಶಕದ ಕೊನೆಯಲ್ಲಿ ರಷ್ಯದ ಸಂಗೀತಕಾರ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು. ಅವರೇ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನೂ ರಚಿಸಿದರು.

ವೀಣೆಯ ಮೈಸೂರು ಬಾಣಿ ರೂಪುಗೊಂಡದ್ದು ಅದಕ್ಕಿಂತ ಹಿಂದೆ. ವೀಣೆ ಶೇಷಣ್ಣ (1852–1926), ಅವರ ಸಮಕಾಲೀನ ಸುಬ್ಬಣ್ಣ, ಮುಂದೆ ವೆಂಕಟಗಿರಿಯಪ್ಪ (1887–1952), ಅವರ ಶಿಷ್ಯ ದೊರೆಸ್ವಾಮಿ ಅಯ್ಯಂಗಾರ್ (1920–1997). ಈ ಸಾಲಿನ ಹಿರಿಮೆ ಹೇಳಲು ಬೇರೆಯವರಿದ್ದಾರೆ. ಡಿವಿಜಿಯವರ 'ಜ್ಞಾಪಕ ಚಿತ್ರಶಾಲೆ'ಯಲ್ಲಿ, ವಾಸುದೇವಾಚಾರ್ಯರ 'ನಾ ಕಂಡ ಕಲಾವಿದರು' ಪುಸ್ತಕದಲ್ಲಿ ಶೇಷಣ್ಣನವರು ಕಣ್ಣಿಗೆ ಕಟ್ಟುತ್ತಾರೆ. ನನಗೆ ಬೇಕಾದದ್ದು ಅವರ ಮೀಟು. ಬಲಗೈಯ ತೋರುಬೆರಳು, ನಡುಬೆರಳು ಒಂದಾದ ಮೇಲೊಂದು ಮೀಟುತ್ತವೆ. ಸ್ವರಕ್ಕೊಂದು ಮೀಟು ಎನ್ನುವಷ್ಟು ಬಿಡಿಬಿಡಿ. ಎಡಗೈಯ ಎರಡು ಬೆರಳೂ ಕತ್ತರಿಯ ಹಾಗೆ ಬೇರೆಬೇರೆಯಾಗಿ ಓಡಾಡುತ್ತವೆ. ತಂಜಾವೂರಿನ ಕೈಯಲ್ಲಿ ಒಂದು ಮೀಟು ಮೀಟಿ ಅದರ ಉಸಿರಿನಲ್ಲೇ ನಾಲ್ಕಾರು ಸ್ವರ ಎಳೆದು ಹಾಡಿಸುವ ಒಲವು ಹೆಚ್ಚು. ಇದರಿಂದಾಗಿ ಮೈಸೂರಿನವರದ್ದು ಗಮಕ ಕಮ್ಮಿ ಎಂಬ ದೂರು ಇಂದಿಗೂ ಕೇಳಿಬರುತ್ತದೆ. ನನಗೆ ಹಾಗನ್ನಿಸುವುದಿಲ್ಲ, ನಾನು ಇದೇ ಮನೆಯವಳು, ಪಕ್ಷಪಾತ ಇದ್ದೀತು. ಮೈಸೂರಿನಲ್ಲಿ ಗಮಕಕ್ಕೆ ಸಿಗುವ ಹೊತ್ತು ಚಿಕ್ಕದು. ಮುಂದಿನ ಮೀಟು ಬರುವುದರೊಳಗೆ ಕೆಲಸ ಮುಗಿಸಬೇಕು. ಅರಮನೆಯ ದರ್ಬಾರಿನಲ್ಲಿ ಧ್ವನಿವರ್ಧಕವಿರಲಿಲ್ಲ. ಹಿಂದಿನ ಸಾಲಿನವರಿಗೆ ಕೇಳಬೇಕಾದರೆ ತಂತಿಗೆ ಆಗಾಗ ಜೀವ ತುಂಬುತ್ತಲೇ ಇರಬೇಕಿತ್ತು. ಅವರ ತಾನ ಕೇಳಿದರೆ ತಿಳಿಯುತ್ತದೆ.

ತೂಗುಮಣೆಯಲ್ಲಿ ಅತ್ತೆ ಕಲಿಸಿದ ಎಣಿಕೆಯನ್ನು ನಂಬಿ ನಾನು ಒಮ್ಮೆ ಪೆಟ್ಟು ತಿಂದದ್ದೂ ಉಂಟು. ಸೀನಿಯರ್ ಪರೀಕ್ಷೆ. ಪರೀಕ್ಷಕರು ಮೊದಲು ದಶವಿಧ ಗಮಕ ಹೇಳು ಎಂದರು. ಆರೋಹಣ, ಅವರೋಹಣ, ಢಾಲು, ಸ್ಫುರಿತ, ಕಂಪಿತ, ಆಹತ, ಪ್ರತ್ಯಾಹತ ಎಂದು ಬಾಯಿಪಾಠ ಒಪ್ಪಿಸುತ್ತ ಹೋಗಿ ತ್ರಿಪುಚ್ಛದಲ್ಲಿ ಸಿಕ್ಕಿಬಿದ್ದೆ. ಸರಿ, ಅದು ನನ್ನ ತಪ್ಪು. ಆಮೇಲೆ ಭೈರವಿಯ ಅಟತಾಳ ವರ್ಣ ಕೇಳಿದರು. ಪಚ್ಚಿಮಿರಿಯಂ ಆದಿಯಪ್ಪಯ್ಯನವರ ಆ ವರ್ಣವನ್ನು ನಾನು ಎರಡು ವರ್ಷ ತಿಕ್ಕಿದ್ದೆ. 14 ಅಕ್ಷರದ ಆವರ್ತ ನಿದ್ದೆಯಲ್ಲೂ ಕೈತಪ್ಪುತ್ತಿರಲಿಲ್ಲ. ಎರಡನೇ ಕಾಲಕ್ಕೆ ಹೋದೆ. ಅವರು ಕೈಯೆತ್ತಿ ನಿಲ್ಲಿಸಿದರು. "ಮೊದಲ ಕಾಲದಲ್ಲಿ ಇದ್ದ ಗಮಕವೆಲ್ಲ ಎಲ್ಲಿ ಹೋಯಿತಮ್ಮ? ಅರ್ಧ ನುಂಗಿಬಿಟ್ಟೆಯಲ್ಲ." ಹೊತ್ತಿಲ್ಲ ಸರ್ ಎಂದೆ. ಹೊತ್ತಿಲ್ಲದಿದ್ದರೆ ಕೈ ಬೇಗ ಓಡಿಸು ಎಂದರು. ಅಂಕ ಹೋಯಿತು. ಮನೆಗೆ ಬಂದು ಅತ್ತೆಯ ಮುಂದೆ ಅತ್ತೆ. ಅವರು ಕಾಫಿ ಸೋಸುತ್ತ, "ಅವ್ರ ಮನೇಲಿ ತೂಗುಮಣೆ ಇಲ್ವೇನೋ ಪಾಪ," ಎಂದರು.

ಅತ್ತೆಯ ಎಣಿಕೆಯೂ ಸಾರ್ವಕಾಲಿಕವಲ್ಲ ಎಂದು ನನಗೀಗ ಗೊತ್ತು. ಮೀಟಿನ ಆಯಸ್ಸೇ ಬದಲಾಗಿದೆ. ಹಳೆಯ 78 ವೇಗದ ತಟ್ಟೆಗಳಲ್ಲಿ ಒಂದು ಮುಖಕ್ಕೆ ಮೂರು ಮೂರೂವರೆ ನಿಮಿಷ. ಆ ತಟ್ಟೆಗಳ ಕಾಲದ ಗಾಯಕರು ರಾಗವನ್ನು ಮಡಿಚಿ ಡಬ್ಬಿಯೊಳಗೆ ಇಟ್ಟಂತೆ ಹಾಡುತ್ತಾರೆ. ಆಮೇಲೆ ರೇಡಿಯೋ ಬಂತು. ದೊರೆಸ್ವಾಮಿ ಅಯ್ಯಂಗಾರರು ಬೆಂಗಳೂರು ಆಕಾಶವಾಣಿಯಲ್ಲಿ ಬಹುಕಾಲ ಕೆಲಸ ಮಾಡಿದವರು. ಮೈಕು ಹತ್ತಿರವಿದ್ದಾಗ ಸಣ್ಣ ಸೋಕು ಕೂಡ ಮನೆಮನೆಗೆ ತಲುಪುತ್ತದೆ. ಕೊನೆಗೆ ವೀಣೆಯ ಮೈಗೇ ಅಂಟಿಸುವ ಮೈಕು ಬಂತು. ಏಳು ಅಕ್ಷರಕ್ಕೆ ಸಾಯುತ್ತಿದ್ದ ನಾದ ಹನ್ನೆರಡರವರೆಗೂ ಉಸಿರಾಡತೊಡಗಿತು. ಅಷ್ಟು ಹೊತ್ತು ಕೈಗೆ ಸಿಕ್ಕರೆ ಬೆರಳು ಸುಮ್ಮನಿರುತ್ತದೆಯೆ? ಎಳೆತಗಳು ಉದ್ದವಾದವು. ಒಂದೇ ಮೆಟ್ಟಿಲಲ್ಲಿ ತಂತಿಯನ್ನು ದೂರದೂರಕ್ಕೆ ಎಳೆದು ಸ್ವರಗಳ ಸಾಲನ್ನೇ ತೆಗೆಯುವುದರಲ್ಲಿ ಎಸ್. ಬಾಲಚಂದರ್ ಅವರಂಥ ಗಟ್ಟಿ ಬೆರಳು ನಾನು ಇನ್ನೊಂದು ಕೇಳಿಲ್ಲ. ಅದು ಅವರ ಕೈಯಲ್ಲಿ ಶೋಭಿಸಿತು. ಅವರನ್ನು ನೋಡಿ ಎಳೆದ ಎಷ್ಟೋ ಜನರ ತಂತಿ ಕಿತ್ತುಹೋದದ್ದಷ್ಟೇ ಬಂತು.

ಅಂಟುಮೈಕನ್ನು ನಾನೂ ಬಳಸುತ್ತೇನೆ. ಮದುವೆ ಛತ್ರದಲ್ಲಿ ಮಿಕ್ಸರಿನ ಸದ್ದು, ಮಕ್ಕಳ ಗಲಾಟೆಯ ನಡುವೆ ನುಡಿಸುವವರು ಇನ್ನೇನು ಮಾಡಬೇಕು. ಆದರೆ ಪಾಠಕ್ಕೆ ಕೂತಾಗ ಪ್ಲಗ್ ಕೀಳುತ್ತೇನೆ.

ಕಂಪಿತದ ಪ್ರಶ್ನೆ ಕೇಳಿದ ಆ ಹುಡುಗಿ ಈಗ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಬಿಡುವಿದ್ದ ಶನಿವಾರ ಬರುತ್ತಾಳೆ. ಹೋದ ತಿಂಗಳು ಫೋನಿನಲ್ಲಿ ದೊರೆಸ್ವಾಮಿ ಅಯ್ಯಂಗಾರರ ಒಂದು ತೋಡಿಯನ್ನು ಕಾಲು ವೇಗಕ್ಕೆ ಇಳಿಸಿ, ಗಾಂಧಾರದ ಅಲುಗುಗಳನ್ನು ಒಂದೊಂದಾಗಿ ಎಣಿಸಿ, ಹಾಳೆಯಲ್ಲಿ ಬರೆದು ತಂದಿದ್ದಳು. ಅದೇ ಗಾಂಧಾರ, ಅದೇ ಉದ್ದ. ಒಂದು ಕಡೆ ಎರಡು ಪೂರ್ತಿ ತೂಗು, ಇನ್ನೊಂದು ಕಡೆ ಒಂದೂವರೆ. ಮೂರನೆಯ ಸಲ ಬಂದಾಗ ಮೊದಲರ್ಧ ಸುಮ್ಮನಿದ್ದು ಕೊನೆಗೆ ಒಂದೇ ಒಂದು. "ಮಿಸ್, ಅವರೇ ತಪ್ಪು ಮಾಡಿದ್ದಾರಾ?" ಎಂದಳು. ಹುಬ್ಬು ಮೇಲಿತ್ತು, ಕಣ್ಣಲ್ಲಿ ತುಂಟತನ. ಸುಮ್ಮನಿದ್ದ ಕಡೆ ಹಿಂದಿನ ಸ್ವರ ಯಾವುದಿತ್ತು ಎಂದು ಕೇಳಿದೆ. ನೋಡಿದಳು. ಮಧ್ಯಮ. ಅಲ್ಲಿಂದ ಇಳಿದು ಬಂದವನಿಗೆ ತಕ್ಷಣ ಮತ್ತೆ ಅಲ್ಲಿಗೇ ಹೋಗುವ ಅವಸರವೇನು ಎಂದೆ. ಹಾಳೆಯ ಅಂಚಿನಲ್ಲಿ ಏನೋ ಬರೆದುಕೊಂಡಳು. ಶಾರ್ಙ್ಗದೇವ, ಸುಬ್ಬರಾಮ ದೀಕ್ಷಿತರು ಇಬ್ಬರೂ ಅವಳನ್ನು ಶಿಷ್ಯೆಯೆಂದು ಒಪ್ಪಿಕೊಳ್ಳುತ್ತಿದ್ದರು.

ಅವಳು ಹೋದ ಮೇಲೆ ಅತ್ತೆಯ ವೀಣೆ ತೆಗೆದೆ. ಅದು ಈಗ ನನ್ನ ಹತ್ತಿರ ಇದೆ. ಸಾರಣಿ ಒಮ್ಮೆ ಮೀಟಿ ತೊಡೆಯ ಮೇಲೆ ಎಣಿಸಿದೆ. ಐದು. ಊಹೆಯ ಎರಡನ್ನು ಸೇರಿಸಿಕೊಂಡರೂ ಏಳು. ಕನ್ನಡಕ ಹಾಕಿಕೊಂಡು ನೋಡಿದರೆ ಕುದುರೆಯ ತಗಡಿನಲ್ಲಿ ತಂತಿ ಕೂತು ಕೂತು ಗೀರು ಬಿದ್ದಿದೆ, ಮೇಲಿನ ಸ್ಥಾಯಿಯ ಮೇಣವೂ ಒಂದು ಕಡೆ ಬಾಯಿಬಿಟ್ಟಿದೆ. ಸಿಂಪಾಡಿಪುರದವರಿಗೆ ಫೋನ್ ಮಾಡಿದೆ. ತಗಡು ಅರ ಹಾಕಿ ಸಮ ಮಾಡಬೇಕು, ಮೆಟ್ಟಿಲುಗಳ ಮೇಳ ಹೊಸದಾಗಿ ಕಟ್ಟಬೇಕು, ದೀಪಾವಳಿ ಕಳೆದ ಮೇಲೆ ತನ್ನಿ ಎಂದರು. ಮೆಟ್ಟಿಲ ಎತ್ತರ ಎಷ್ಟಿರಲಿ ಎಂದೂ ಕೇಳಿದರು.

"ಮೀಟೋರ ಎತ್ತರ," ಎಂದೆ.